ಮೊದಲು ಬಣ್ಣ, ಆಮೇಲೆ ಹೆಸರು

(ಬೆಂಗಳೂರಿನ ಬಸವನಗುಡಿಯಲ್ಲಿ ಗೆಳೆಯರ ಸಣ್ಣ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಹೊತ್ತಾಯಿತೆಂದು ಬಿಟ್ಟ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಮೂರು ಸಾಮಾನು ಇಟ್ಟಿದ್ದೇನೆ. ಎಲೆಯ ಆಕಾರದ ಒಂದು ತಟ್ಟೆ, ಒಂದು ಹಾಲಿನ ಜಗ್ಗು, ಒಂದು ಒಡೆದ ಚೂರು. ಮೂರನ್ನೂ ಸ್ವೆಟರಿನಲ್ಲಿ ಸುತ್ತಿ ಕೈಚೀಲಕ್ಕೆ ಹಾಕಿ, ವಿಮಾನದಲ್ಲಿ ಕಾಲಬುಡದಲ್ಲೇ ಇಟ್ಟುಕೊಂಡು ತಂದಿದ್ದೇನೆ. ತಟ್ಟೆಯನ್ನು ಈಗಲೇ ಮೊದಲ ಸಾಲಿಗೆ ಕೊಡುತ್ತೇನೆ. ನಾನು ಮಾತಾಡುತ್ತಿರಲಿ, ಅದು ಕೈಯಿಂದ ಕೈಗೆ ಹೋಗುತ್ತಿರಲಿ. ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಅಷ್ಟು ಸಾಕು. ಕಿಟಕಿ ಕಡೆ ಕೂತವರು ಅದನ್ನು ಬಿಸಿಲಿಗೆ ಒಮ್ಮೆ ಓರೆಯಾಗಿ ಹಿಡಿದು ನೋಡಿ.

"ಪಿಂಗಾಣಿ ಅಲ್ವಾ ಇದು?" ಅಂತ ಬಾಗಿಲಲ್ಲೇ ಒಬ್ಬರು ಕೇಳಿದರು. ಅಲ್ಲ. ಒಳ್ಳೆಯ ಪಿಂಗಾಣಿ ಬೆಳ್ಳಗೆ, ತೆಳ್ಳಗೆ ಇರುತ್ತದೆ. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳಿನ ನೆರಳು ಕಾಣುತ್ತದೆ. ಇದು ಬರೀ ಮಣ್ಣಿನ ಪಾತ್ರೆ, ನಮ್ಮ ಮಡಕೆ ಕುಡಿಕೆಗಳ ಜಾತಿ. ಮೇಲೆ ಬಣ್ಣದ ಗಾಜನ್ನು ಕರಗಿಸಿ ಹೊದಿಸಿದ್ದಾರೆ. ಇಂಗ್ಲೆಂಡಿನಲ್ಲಿ ಇದಕ್ಕೆ ಮಜೋಲಿಕಾ ಅನ್ನುತ್ತಾರೆ. ವಿಕ್ಟೋರಿಯಾ ರಾಣಿಯ ಕಾಲದ ಸಾಮಾನು. ಹೆಚ್ಚಿನದ್ದೆಲ್ಲ 1850ರಿಂದ 1890ರ ನಡುವೆ ಆದದ್ದು.

ನಾನು ದಾವಣಗೆರೆಯವಳು. ಡಾಕ್ಟರ್ ಓದು ಮುಗಿಸಿ 1984ರಲ್ಲಿ ಇಂಗ್ಲೆಂಡಿಗೆ ಹೋದೆ. ಕೆಲಸ ಸಿಕ್ಕಿದ್ದು ಸ್ಟೋಕ್-ಆನ್-ಟ್ರೆಂಟ್ ಎಂಬ ಊರಿನಲ್ಲಿ. ಊರು ಅಂದರೆ ಒಂದಲ್ಲ, ಆರು. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್. 1910ರಲ್ಲಿ ಇವೆಲ್ಲ ಸೇರಿ ಒಂದೂರಾದವು. ಅಲ್ಲಿ ನೆಲ ಅಗೆದರೆ ಕಲ್ಲಿದ್ದಲು, ಪಕ್ಕದಲ್ಲೇ ಜೇಡಿಮಣ್ಣು. ದೂರದ ಕಾರ್ನ್‌ವಾಲ್‌ನ ಬಿಳಿ ಮಣ್ಣು ತರಲು 1777ರಲ್ಲಿ ಕಾಲುವೆಯೂ ಆಯಿತು. ಇಷ್ಟಿದ್ದ ಮೇಲೆ ಇನ್ನೇನು, ಇಡೀ ಸೀಮೆಯೇ ಕುಂಬಾರಿಕೆಗೆ ನಿಂತಿತು. ದೊಡ್ಡ ಬಾಟಲಿಯ ಹಾಗೆ ಹೊಟ್ಟೆ ದಪ್ಪಗಾಗಿ ಕುತ್ತಿಗೆ ಕಿರಿದಾಗಿರುವ ಇಟ್ಟಿಗೆಯಲ್ಲಿ ಕಟ್ಟಿದ ಆವಿಗೆಗಳು, ಅಂದರೆ ಪಾತ್ರೆ ಸುಡುವ ಗೂಡುಗಳು, ಒಂದು ಕಾಲಕ್ಕೆ ಸಾವಿರಗಟ್ಟಲೆ ಹೊಗೆ ಬಿಡುತ್ತಿದ್ದವಂತೆ. ಈಗ ಐವತ್ತಕ್ಕೂ ಕಡಿಮೆ ಉಳಿದಿವೆ, ಅದೂ ತಣ್ಣಗೆ ನಿಂತಿವೆ.

ಆ ಊರಿನ ಜನಕ್ಕೆ ಎರಡು ರೂಢಿ. ಒಂದು, ಗುರುತು ಪರಿಚಯ ಇಲ್ಲದವರನ್ನೂ 'ಡಕ್' ಅಂತ ಕರೆಯುವುದು. ನಾವು 'ಪುಟ್ಟ', 'ಕಂದ' ಅನ್ನುವ ಹಾಗೆ ಅವರಿಗೆ ಬಾತುಕೋಳಿ. ಇನ್ನೊಂದು, ಹೋಟೆಲಿನಲ್ಲಾಗಲಿ ನೆಂಟರ ಮನೆಯಲ್ಲಾಗಲಿ ತಟ್ಟೆ ಬಂದ ತಕ್ಷಣ ಮಗುಚಿ ತಳ ನೋಡುವುದು. ಯಾವ ಕಾರ್ಖಾನೆಯದು ಅಂತ ತಿಳಿಯಬೇಕಲ್ಲ! ಇದಕ್ಕೆ ಅವರೇ 'ಟರ್ನ್‌ಓವರ್ ಕ್ಲಬ್' ಅಂತ ಹೆಸರಿಟ್ಟುಕೊಂಡಿದ್ದಾರೆ.

ಹೋದ ಹೊಸದರಲ್ಲಿ ಬರ್ಸ್ಲೆಮ್‌ನ ಒಬ್ಬ ವಯಸ್ಸಾದ ಹೆಂಗಸನ್ನು ನೋಡಲು ಅವರ ಮನೆಗೇ ಹೋಗುತ್ತಿದ್ದೆ. ಎದೆಯಲ್ಲಿ ಕಫ, ಓಡಾಟ ಕಷ್ಟ. ಒಂದು ಚಳಿಗಾಲದ ಮಧ್ಯಾಹ್ನ ಗೋಡೆಯ ಮೇಲಿದ್ದ ಹಸಿರು ತಟ್ಟೆಯನ್ನೇ ನೋಡುತ್ತಾ ನಿಂತುಬಿಟ್ಟೆ. ಹೊರಗೆ ಬೂದು ಆಕಾಶ, ಬೂದು ಬೀದಿ. ಒಳಗೆ ಆ ಒಂದು ತಟ್ಟೆ ಮಾತ್ರ ಮಳೆ ಬಿದ್ದ ಮೇಲಿನ ಕೆಸುವಿನ ಎಲೆಯ ಹಾಗೆ ಹೊಳೆಯುತ್ತಿತ್ತು. "ತೆಗೆದು ನೋಡು ಡಕ್" ಅಂದರು. ಅಷ್ಟು ಹೊತ್ತಿಗೆ ನನಗೂ ಊರಿನ ರೂಢಿ ಬಂದಿತ್ತು. ಮಗುಚಿದೆ. ತಳದಲ್ಲಿ ಏನೂ ಇರಲಿಲ್ಲ. "ಹೆಸರಿಲ್ಲ ನೋಡು. ಆದರೆ ನಮ್ಮಜ್ಜಿ ಹುಡುಗಿಯಾಗಿದ್ದಾಗ ಇಂಥದ್ದಕ್ಕೇ ಬಣ್ಣ ಹಚ್ಚುತ್ತಿದ್ದಳು. ಇದನ್ನೇ ಹಚ್ಚಿದಳೋ ಏನೋ, ಯಾರಿಗೆ ಗೊತ್ತು!" ಅಂದರು. ಅವರು ಹೋದ ಮೇಲೆ ಮಗಳು ಅದನ್ನು ತಂದು ನನ್ನ ಕೈಗಿಟ್ಟಳು. ಈಗ ನಿಮ್ಮ ಕೈಯಿಂದ ಕೈಗೆ ಹೋಗುತ್ತಿರುವುದು ಅದೇ ತಟ್ಟೆ.

ಅಲ್ಲಿಂದ ಶುರುವಾದ ಸಂಗ್ರಹ ಇದು. ಇವತ್ತು ನಿಮಗೆ ನಾನು ಹೇಳಬೇಕೆಂದಿರುವುದು ಒಂದೇ ಮಾತು. ತಟ್ಟೆಯನ್ನು ಮಗುಚಿ ನೋಡಿ, ಖಂಡಿತ ನೋಡಿ. ಆದರೆ ಅದಕ್ಕೂ ಮೊದಲು ಮೇಲಿನ ಬಣ್ಣ ನೋಡಿ. ಹೆಸರು ನೋಡಿ ಕೊಂಡದ್ದರಲ್ಲಿ ನಾನು ತಪ್ಪಿದ್ದೇನೆ. ಬಣ್ಣ ನೋಡಿ ಕೊಂಡದ್ದರಲ್ಲಿ ಒಂದಕ್ಕೂ ಪಶ್ಚಾತ್ತಾಪ ಪಟ್ಟಿಲ್ಲ.

ಬಣ್ಣ ಅಂದೆ. ಅದು ನಿಜವಾಗಿ ಬಣ್ಣ ಅಲ್ಲ, ಗ್ಲೇಜ್. ಗ್ಲೇಜ್ ಅಂದರೆ ಗಾಜೇ. ಮರಳು, ಬೆಣಚುಕಲ್ಲು ಇವುಗಳ ಜಾತಿಯ ಪುಡಿ ಕರಗಿದರೆ ಗಾಜಾಗುತ್ತದೆ. ಆದರೆ ಅದು ತಾನಾಗಿ ಕರಗಲು 1700 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಶಾಖ ಬೇಕು. ಅಷ್ಟು ಶಾಖಕ್ಕೆ ಕೆಳಗಿನ ಮಣ್ಣಿನ ಪಾತ್ರೆ ಉಳಿಯುವುದಿಲ್ಲ. ಅದಕ್ಕೆ ಸೀಸ ಬೆರೆಸುತ್ತಾರೆ. ಸೀಸ ಸೇರಿದರೆ ಗಾಜು ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ಜೇನಿನ ಹಾಗೆ ಹರಿಯುತ್ತದೆ. ಹೊಳಪೂ ಬೇರೆಯೇ ಬರುತ್ತದೆ. ಆ ತಟ್ಟೆಯ ಮೇಲಿರುವ ಒದ್ದೆ ಒದ್ದೆ ಹೊಳಪು ಸೀಸದ್ದು. ಬೇರೆ ಯಾವುದರಿಂದಲೂ ಅದು ಹಾಗೇ ಬರುವುದಿಲ್ಲ. ಅದರೊಳಗೆ ತಾಮ್ರ ಹಾಕಿದರೆ ಹಸಿರು. ಕೋಬಾಲ್ಟ್ ಹಾಕಿದರೆ ಕಡು ನೀಲಿ. ಕಬ್ಬಿಣ ಹಾಕಿದರೆ ಜೇನುಬಣ್ಣದಿಂದ ಕಂದಿನವರೆಗೆ. ಮ್ಯಾಂಗನೀಸ್‌ನಿಂದ ನೇರಳೆ, ಕಪ್ಪುಗಂದು.

ಈಗ ಈ ಚೂರನ್ನು ನೋಡಿ. ಸ್ಟೋಕ್‌ನಲ್ಲಿ ಗುಲಾಬಿ ಗಿಡಕ್ಕೆಂದು ಹಿತ್ತಲಲ್ಲಿ ಗುಂಡಿ ತೋಡುವಾಗ ಸಿಕ್ಕಿತು. ಆ ಊರಿನಲ್ಲಿ ಎಲ್ಲಿ ಅಗೆದರೂ ಹೀಗೆ ಚೂರು ಸಿಗುತ್ತವೆ. ಯಾವುದೋ ಹೂಕುಂಡದ ಚೂರು ಇರಬೇಕು. ಒಡೆದ ಅಂಚನ್ನು ನೋಡಿದರೆ ಒಳಗಿನ ಮಣ್ಣು ಬಿಸ್ಕತ್ತಿನ ಬಣ್ಣದಲ್ಲಿದೆ. ಅದರ ಮೇಲೆ ಗ್ಲೇಜಿನ ಪದರ. ಉಬ್ಬಿದ ಕಡೆ ಕಾಗದದಷ್ಟು ತೆಳು, ಮಣ್ಣಿನ ಬಣ್ಣವೇ ಹೊರಗೆ ಇಣುಕುತ್ತದೆ. ಎಲೆಯ ನರ ಕೊರೆದ ತಗ್ಗಿನಲ್ಲಿ ಮಾತ್ರ ಆರಿದ ಬೆಲ್ಲದ ಪಾಕದ ಹಾಗೆ ದಪ್ಪಗೆ ನಿಂತಿದೆ. ಬಣ್ಣ ಒಂದೇ. ಆದರೆ ತೆಳುವಾದಲ್ಲಿ ಎಳೆ ಹಸಿರು, ದಪ್ಪವಾದಲ್ಲಿ ಕಪ್ಪಿಗೆ ಹತ್ತಿರದ ಹಸಿರು. ಎಲೆಯ ನರವನ್ನು ಯಾರೂ ಕುಂಚದಿಂದ ಗೆರೆ ಎಳೆದು ಬರೆದಿಲ್ಲ. ಅಚ್ಚು ಮಾಡಿದವನು ತಗ್ಗು ಬಿಟ್ಟ. ಗ್ಲೇಜು ತಾನೇ ಹರಿದು ಹೋಗಿ ಅಲ್ಲಿ ನಿಂತು ಚಿತ್ರ ಬರೆಯಿತು. ಮಜೋಲಿಕಾದ ಜೀವ ಇರುವುದು ಇಲ್ಲೇ. ಇದನ್ನು ಒಂದು ಸಲ ಕಣ್ಣಾರೆ ಕಂಡರೆ ಸುಮ್ನೆ ಬಣ್ಣ ಬಳಿದ ಪಾತ್ರೆಗೂ ಇದಕ್ಕೂ ಇರುವ ವ್ಯತ್ಯಾಸ ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚರಿತ್ರೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಬಣ್ಣದ ಗ್ಲೇಜು ಸ್ಟೋಕ್ ಸೀಮೆಗೆ ಹೊಸದಲ್ಲ. ಮಜೋಲಿಕಾಕ್ಕೂ ನೂರು ವರ್ಷ ಮೊದಲು ಥಾಮಸ್ ವೀಲ್ಡನ್ ಎಂಬ ಕುಂಬಾರ ಆಮೆಚಿಪ್ಪಿನ ಹಾಗೆ ಬಣ್ಣ ಹರಿದಾಡುವ ತಟ್ಟೆ ಮಾಡುತ್ತಿದ್ದ. ಅವನ ಜೊತೆ ಪಾಲುದಾರನಾಗಿದ್ದ ತರುಣ ಜೊಸಾಯಾ ವೆಡ್ಜ್‌ವುಡ್ 1759ರಲ್ಲಿ ಒಂದು ಅಪ್ಪಟ ಹಸಿರು ಗ್ಲೇಜನ್ನು ಹದಕ್ಕೆ ತಂದ. ಹೂಕೋಸಿನ ಆಕಾರದ ಟೀಪಾಟು, ಎಲೆಯ ತಟ್ಟೆ ಎಲ್ಲ ಆಗಲೇ ಬಂದವು.

ಆದರೆ ಮಜೋಲಿಕಾ ಎಂಬ ಹೆಸರು, ಆ ಹುಚ್ಚು, ಇವೆರಡನ್ನೂ ಹುಟ್ಟುಹಾಕಿದ್ದು ಸ್ಟೋಕ್‌ನ ಮಿಂಟನ್ ಕಾರ್ಖಾನೆ. ಅದರ ಯಜಮಾನ ಹರ್ಬರ್ಟ್ ಮಿಂಟನ್ 1848-49ರ ಹೊತ್ತಿಗೆ ಲಿಯಾನ್ ಆರ್ನೂ ಎಂಬ ಫ್ರೆಂಚ್ ಕುಂಬಾರನನ್ನು ಕೆಲಸಕ್ಕೆ ಇಟ್ಟುಕೊಂಡ. ತುಲೂಸ್ ಊರಿನವನು, ಗ್ಲೇಜಿನ ರಸಾಯನ ಬಲ್ಲವನು. ಅವನು ಬಿಡಿಸಿದ ಗಂಟು ಏನು ಅಂತ ಅಡಿಗೆ ಮಾಡುವವರಿಗೆ ಬೇಗ ಗೊತ್ತಾಗುತ್ತದೆ. ಹುಳಿಗೆ ಬೇಳೆ, ನುಗ್ಗೆಕಾಯಿ, ಬದನೆಕಾಯಿ ಎಲ್ಲ ಒಟ್ಟಿಗೆ ಹಾಕಿ ಒಲೆ ಮೇಲಿಟ್ಟರೆ ಏನಾಗುತ್ತದೆ? ಒಂದು ಬೇಯುವಷ್ಟರಲ್ಲಿ ಇನ್ನೊಂದು ಕರಗಿಹೋಗಿರುತ್ತದೆ, ಅಲ್ವಾ? ಗ್ಲೇಜೂ ಹಾಗೆಯೇ. ಪ್ರತಿ ಬಣ್ಣಕ್ಕೂ ಅದರದೇ ಹದ. ಆರ್ನೂ ಮಾಡಿದ ಗ್ಲೇಜುಗಳು ಎಲ್ಲವೂ ಒಂದೇ ಶಾಖಕ್ಕೆ ಕರಗುವಂಥವು. ನೀಲಿ, ಹಸಿರು, ಹಳದಿ, ಗುಲಾಬಿ ಪಕ್ಕಪಕ್ಕದಲ್ಲೇ ಹಚ್ಚಿ ಒಂದೇ ಸಲ ಆವಿಗೆಗೆ ಇಟ್ಟರೆ ಆಯಿತು. ಎಲ್ಲವೂ ಒಟ್ಟಿಗೆ ಬೇಯುತ್ತವೆ, ಒಂದರೊಳಗೊಂದು ಕಲಸಿಹೋಗುವುದಿಲ್ಲ.

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ ದೊಡ್ಡ ಪ್ರದರ್ಶನ ಮಾಡಿದರಲ್ಲ, ಅಲ್ಲಿ ಮಿಂಟನ್ನರ ಈ ಸಾಮಾನು ಜನ ಕಂಡರು. ಅರವತ್ತು ಲಕ್ಷಕ್ಕೂ ಜಾಸ್ತಿ ಜನ ಬಂದಿದ್ದ ಪ್ರದರ್ಶನ ಅದು. ಹೆಸರಿನ ವಿಷಯದಲ್ಲಿ ಒಂದು ಗೋಜಲಿದೆ. ಆಗ ಮಿಂಟನ್ ಎರಡು ಬಗೆ ಮಾಡುತ್ತಿತ್ತು. ಇಟಲಿಯ ಹಳೆಯ ಮಯೋಲಿಕಾದ ಹಾಗೆ ಬಿಳಿ ಗ್ಲೇಜಿನ ಮೇಲೆ ಚಿತ್ರ ಬರೆದದ್ದು ಒಂದು. ಅದಕ್ಕೆ ಮಜೋಲಿಕಾ ಅಂದರು. ಉಬ್ಬು ಕೆತ್ತನೆಯ ಮೇಲೆ ಬಣ್ಣದ ಗ್ಲೇಜು ಹರಿಸಿದ್ದು ಇನ್ನೊಂದು. ಅದಕ್ಕೆ ಪಾಲಿಸಿ ಸಾಮಾನು ಅಂದರು. ಬರ್ನಾರ್ ಪಾಲಿಸಿ ಹದಿನಾರನೇ ಶತಮಾನದ ಫ್ರೆಂಚ್ ಕುಂಬಾರ. ತಟ್ಟೆಯ ಮೇಲೆ ಹಾವು, ಹಲ್ಲಿ, ಮೀನು ಜೀವಂತ ಮಲಗಿದ ಹಾಗೆ ಮಾಡುತ್ತಿದ್ದ. ಆವಿಗೆಗೆ ಸೌದೆ ಸಾಲದೆ ಮನೆಯ ಮೇಜು, ನೆಲದ ಹಲಗೆ ಕಿತ್ತು ಉರಿಸಿದೆ ಅಂತ ತಾನೇ ಬರೆದಿಟ್ಟಿದ್ದಾನೆ. ಬರುಬರುತ್ತಾ ಜನ ಎರಡಕ್ಕೂ ಮಜೋಲಿಕಾ ಅಂದರು. ಕೊನೆಗೆ ಆ ಹೆಸರು ಎರಡನೆಯದಕ್ಕೇ ನಿಂತಿತು. ನಾನು ಕೂಡಿಸುವುದೂ ಅದನ್ನೇ.

ಮುಂದಿನ ಮೂವತ್ತು ನಲವತ್ತು ವರ್ಷ ಇಂಗ್ಲೆಂಡಿಗೆ ಇದರ ಹುಚ್ಚು. ವಿಂಡ್ಸರ್‌ನ ಫ್ರಾಗ್‌ಮೋರ್‌ನಲ್ಲಿ ರಾಣಿಯ ಹಾಲಿನ ಕೋಣೆಗೆ 1858ರಲ್ಲಿ ಮಿಂಟನ್ನರ ಮಜೋಲಿಕಾ ಹೊದಿಸಿದರು. 1862ರ ಪ್ರದರ್ಶನಕ್ಕೆ 36 ಅಡಿ ಎತ್ತರದ ಕಾರಂಜಿ ಮಾಡಿ ನಿಲ್ಲಿಸಿದರು. ಇವೆಲ್ಲ ದೊಡ್ಡ ಸಾಹಸ, ಒಪ್ಪುತ್ತೇನೆ. ಆದರೆ ನನ್ನ ಮನಸ್ಸು ಅಲ್ಲಿ ನಿಲ್ಲುವುದಿಲ್ಲ. ನನಗೆ ಇಷ್ಟವಾಗುವುದು ಊಟದ ಮೇಜಿನ ಸಣ್ಣ ಸಾಮಾನು. ಆಗ ರೈಲು ಬಂದು ಸಮುದ್ರದ ತಾಜಾ ಮೀನು ಒಳನಾಡಿಗೆ ಸಿಗಲು ಶುರುವಾಗಿತ್ತು. ಡಬ್ಬಿಯ ಸಾರ್ಡೀನ್ ಮೀನು ಹೊಸ ಷೋಕಿ. ಡಬ್ಬಿಯನ್ನೇ ಮೇಜಿಗಿಟ್ಟರೆ ಮರ್ಯಾದೆಯಲ್ಲ ಅಂತ ಅದಕ್ಕೊಂದು ಮಜೋಲಿಕಾ ಪೆಟ್ಟಿಗೆ, ಮುಚ್ಚಳದ ಮೇಲೆ ಮೂರು ಮೀನು ಒತ್ತಾಗಿ ಮಲಗಿರುವುದು. ಚಿಪ್ಪುಮೀನಿಗೆ ಕುಳಿ ಕುಳಿ ಇರುವ ತಟ್ಟೆ. ಸ್ಟ್ರಾಬೆರಿಗೆ ಎಲೆ ಹೂ ಹಬ್ಬಿದ ತಟ್ಟೆ, ಅದರಲ್ಲೇ ಕೆನೆಗೆ ಸಕ್ಕರೆಗೆ ಬಟ್ಟಲು ಕೂರಲು ಗೂಡು. ಚೀಸಿಗೆ ಗೋಪುರದ ಹಾಗೆ ಎತ್ತರದ ಮುಚ್ಚಳ. ಒಳಗೆ ಏನಿದೆ ಅಂತ ಹೊರಗಿನ ರೂಪವೇ ಹೇಳಬೇಕು, ಅದು ಆ ಕಾಲದವರ ರುಚಿ. ಜರೀಗಿಡ ಬೆಳೆಸುವ ಗೀಳು ಹತ್ತಿತು, ಹೂಕುಂಡದ ಮೇಲೆಲ್ಲ ಜರೀಗಿಡ ಬಂತು. ಮನೆಯೊಳಗೆ ಗಾಜಿನ ತೊಟ್ಟಿಯಲ್ಲಿ ಮೀನು ಸಾಕುವ ಗೀಳು ಬಂತು, ಜಗ್ಗಿನ ಮೇಲೆ ಶಂಖ, ಕಡಲಪಾಚಿ ಮೂಡಿದವು. ಟೀಪಾಟು ಕೋತಿಯಾಯಿತು, ಆಮೆಯಾಯಿತು, ಮೀನಾಯಿತು. ಮಿಂಟನ್ನರ ಜೊತೆಗೆ ವೆಡ್ಜ್‌ವುಡ್, ಜಾರ್ಜ್ ಜೋನ್ಸ್, ಜೋಸೆಫ್ ಹೋಲ್ಡ್‌ಕ್ರಾಫ್ಟ್, ಇನ್ನೂ ಹೆಸರೇ ಉಳಿಯದ ಹತ್ತಾರು ಸಣ್ಣ ಕಾರ್ಖಾನೆಗಳು ಇದಕ್ಕೆ ಕೈಹಾಕಿದವು.

ನವಿಲಿನ ಕಥೆ ಒಂದು ಹೇಳಲೇಬೇಕು. 1870ರ ದಶಕದಲ್ಲಿ ಪಾಲ್ ಕೊಮೊಲೇರಾ ಎಂಬ ಶಿಲ್ಪಿ ಮಿಂಟನ್ನರಿಗಾಗಿ ಆಳೆತ್ತರಕ್ಕೆ ಹತ್ತಿರದ ಒಂದು ನವಿಲಿನ ಅಚ್ಚು ಮಾಡಿದ. ಐದಡಿ ಎತ್ತರ. ಕತ್ತಿನ ನೀಲಿ, ಗರಿಯ ಹಸಿರು, ಕೆಳಗೆ ಬಂಡೆಗೆ ಹಬ್ಬಿದ ಬಳ್ಳಿ. ಅಂಥ ಒಂದು ನವಿಲನ್ನು 1880ರ ಮೆಲ್ಬರ್ನ್ ಪ್ರದರ್ಶನಕ್ಕೆಂದು 'ಲಾಕ್ ಆರ್ಡ್' ಎಂಬ ಹಡಗಿಗೆ ಹಾಕಿದರು. 1878ರ ಜೂನ್ 1ರಂದು, ಇನ್ನೇನು ಊರು ಸೇರಬೇಕು ಅನ್ನುವಾಗ, ಆಸ್ಟ್ರೇಲಿಯಾದ ದಕ್ಷಿಣ ಕರಾವಳಿಯ ಬಂಡೆಗೆ ಹಡಗು ಬಡಿಯಿತು. ಹಡಗಿನಲ್ಲಿ 54 ಜನ. ಉಳಿದವರು ಇಬ್ಬರೇ, ಟಾಮ್ ಪಿಯರ್ಸ್ ಮತ್ತು ಈವಾ ಕಾರ್ಮೈಕಲ್, ಹದಿಹರೆಯದ ಒಬ್ಬ ಹುಡುಗ, ಒಬ್ಬ ಹುಡುಗಿ. ಕೆಲ ದಿನಗಳಲ್ಲಿ ಮರದ ಒಂದು ಪೆಟ್ಟಿಗೆ ತೇಲಿ ದಡಕ್ಕೆ ಬಂತು. ಒಳಗೆ ನವಿಲು ಇತ್ತು. ಮನುಷ್ಯರನ್ನು ಉಳಿಸದ ಕಡಲು ಮಣ್ಣಿನ ಹಕ್ಕಿಯನ್ನು ದಡಕ್ಕೆ ಹಾಕಿತ್ತು. ಈಗ ಅದು ವಾರ್ನಂಬೂಲ್ ಊರಿನ ಫ್ಲ್ಯಾಗ್‌ಸ್ಟಾಫ್ ಹಿಲ್ ಮ್ಯೂಸಿಯಮ್ಮಿನಲ್ಲಿದೆ. ಮಗಳ ಮನೆಗೆ ಆಸ್ಟ್ರೇಲಿಯಾಕ್ಕೆ ಹೋದಾಗ ನೋಡಿ ಬಂದೆ. ಅದರ ಮುಂದೆ ನಿಂತಾಗ ಬಣ್ಣಕ್ಕಿಂತ ಮೊದಲು ಆ ಐವತ್ತೆರಡು ಜನ ನೆನಪಾದರು.

ಇನ್ನು ಬರ್ಸ್ಲೆಮ್‌ನ ಆ ಹೆಂಗಸಿನ ಅಜ್ಜಿಯ ವಿಷಯಕ್ಕೆ ಬರುತ್ತೇನೆ. ಅಚ್ಚು ಮಾಡಿದ ಶಿಲ್ಪಿಯ ಹೆಸರು ನಮಗೆ ಗೊತ್ತು. ಗ್ಲೇಜಿನ ಹದ ಕಂಡುಹಿಡಿದವನ ಹೆಸರೂ ಗೊತ್ತು. ಆದರೆ ಆ ಗ್ಲೇಜನ್ನು ಕುಂಚದಲ್ಲಿ ತೆಗೆದು, ಎಲೆಗೆ ಹಸಿರು, ಅಂಚಿಗೆ ಹಳದಿ ಅಂತ ಒಂದೊಂದಾಗಿ ಹಚ್ಚಿದವರು ಹೆಂಗಸರು, ಎಳೆ ಹುಡುಗಿಯರು. ಸಾಲಾಗಿ ಬೆಂಚಿನ ಮೇಲೆ ಕೂತು ದಿನವಿಡೀ ಅದೇ ಕೆಲಸ. ಆ ಗ್ಲೇಜು ಏನು ಅಂತ ಆಗಲೇ ಹೇಳಿದೆ. ಸೀಸದ ಪುಡಿಯನ್ನು ಹಾಗೇ ನೀರಿನಲ್ಲಿ ಕಲಸಿದ್ದು. ಕೈಗೆ ಮೆತ್ತುತ್ತದೆ, ಬಟ್ಟೆಯ ಮೇಲೆ ಆರಿ ಪುಡಿಯಾಗುತ್ತದೆ, ಊಟದ ಜೊತೆ ಹೊಟ್ಟೆಗೆ ಹೋಗುತ್ತದೆ, ಉಸಿರಿನ ಜೊತೆ ಎದೆಗೆ ಹೋಗುತ್ತದೆ.

ಸೀಸ ಮೈಗೆ ಹತ್ತಿದರೆ ಏನಾಗುತ್ತದೆ ಅಂತ ಡಾಕ್ಟರಾಗಿ ನಾನು ಓದಿದ್ದೇನೆ. ಮೊದಲು ಹೊಟ್ಟೆಯಲ್ಲಿ ತಿರುಚಿದ ಹಾಗೆ ನೋವು. ಮುಖ ಬಿಳಿಚಿಕೊಳ್ಳುತ್ತದೆ. ವಸಡಿನ ಅಂಚಿನಲ್ಲಿ ನೀಲಿ ಗೆರೆ ಮೂಡುತ್ತದೆ. ಬಸುರಿಯರಿಗೆ ಗರ್ಭ ನಿಲ್ಲುವುದಿಲ್ಲ. ಕೆಲವರಿಗೆ ಕಣ್ಣು ಹೋಗುತ್ತದೆ. ಮಣಿಕಟ್ಟಿನ ನರ ಸೋತು ಹಸ್ತ ಕೆಳಗೆ ಜೋತುಬೀಳುತ್ತದೆ. ಬರ್ಸ್ಲೆಮ್‌ನ ಆ ಹೆಂಗಸು ಒಂದು ದಿನ ತಮ್ಮ ಕೈ ಎತ್ತಿ, ಹಸ್ತವನ್ನು ಬಾಡಿದ ಹೂವಿನ ಹಾಗೆ ಇಳಿಬಿಟ್ಟು, "ನಮ್ಮಜ್ಜಿಯ ಕೈ ಹೀಗಿತ್ತು ಡಕ್. ಲೋಟ ಹಿಡಿಯಲು ಆಗುತ್ತಿರಲಿಲ್ಲ" ಅಂತ ತೋರಿಸಿದರು. ಪುಸ್ತಕದಲ್ಲಿ ಓದಿದ್ದು ಅವತ್ತು ನನ್ನ ಕಣ್ಣೆದುರು ಬಂತು.

1890ರ ದಶಕದಲ್ಲಿ ಈ ವಿಷಯ ದೊಡ್ಡ ಗಲಾಟೆಯಾಯಿತು. ಹೆಂಗಸರ ಕಾರ್ಮಿಕ ಸಂಘದ ಪರವಾಗಿ ಗರ್ಟ್ರೂಡ್ ಟಕ್‌ವೆಲ್ ಹೋರಾಡಿದರು. ಸದರ್‌ಲ್ಯಾಂಡ್‌ನ ಡಚೆಸ್ ಮಿಲಿಸೆಂಟ್ ಕೂಡ ಬಿಡದೆ ಹಿಂದೆ ಬಿದ್ದರು. ಕಂಡಕಂಡ ವಿಷಯಕ್ಕೆ ತಲೆಹಾಕುವವಳು ಅಂತ ಜನ ಅವರಿಗೆ ಅಡ್ಡಹೆಸರಿಟ್ಟರೂ ಜಗ್ಗಲಿಲ್ಲ. ಸರ್ಕಾರ ತಜ್ಞರನ್ನು ಕಳಿಸಿ ವಿಚಾರಣೆ ಮಾಡಿಸಿತು. ಆಮೇಲಾಮೇಲೆ ನಿಯಮಗಳು ಬಂದವು. ಸೀಸವನ್ನು ಹಸಿಯಾಗಿ ಬಳಸದೆ ಮೊದಲು ಮರಳಿನ ಜೊತೆ ಕರಗಿಸಿ ಗಾಜು ಮಾಡಿ, ಆ ಗಾಜನ್ನು ಅರೆದು ಬಳಸಿದರೆ ಮೈಗೆ ಹತ್ತುವುದು ಕಡಿಮೆ. ಸೀಸವೇ ಇಲ್ಲದ ಗ್ಲೇಜೂ ಬಂತು. ಅಷ್ಟರಲ್ಲಿ ಜನರ ರುಚಿ ಬದಲಾಗಿತ್ತು, ಮಜೋಲಿಕಾದ ಕಾಲವೂ ಮುಗಿಯುತ್ತಾ ಬಂದಿತ್ತು.

ಇದನ್ನು ಬಿಟ್ಟು ಬರೀ ಚೆಂದ ಮಾತ್ರ ಹೇಳಿದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಆ ತಟ್ಟೆ ಈಗ ಯಾರ ಹತ್ತಿರ ಇದೆ? ಅಂಚಿನಲ್ಲಿ ಒಂದು ಕಡೆ ನೋಡಿ. ಕಂದು ಬಣ್ಣ ಗೆರೆ ದಾಟಿ ಹಸಿರಿನೊಳಗೆ ಒಂದು ಕಾಳಿನಷ್ಟು ಜಾರಿದೆ. ಕುಂಚ ಅಲ್ಲಿ ಒಂದು ಕ್ಷಣ ಜಾಸ್ತಿ ನಿಂತಿದೆ. ಆಯಾಸವೋ, ಆತುರವೋ, ಪಕ್ಕದವಳ ಜೊತೆ ಮಾತೋ. ನನ್ನ ಮಟ್ಟಿಗೆ ಆ ತಟ್ಟೆಯ ರುಜು ಅದೇ.

ಈಗ ಕೊಳ್ಳುವ ವಿಷಯ. ಇಂಗ್ಲೆಂಡಿನಲ್ಲಿರುವ ನಿಮ್ಮ ಮಕ್ಕಳ ಮನೆಗೆ ಹೋಗಿದ್ದಾಗ ಹಳೆ ಸಾಮಾನಿನ ಸಂತೆಗೆ ಹೋಗುತ್ತೀರಿ ಅಂದುಕೊಳ್ಳಿ. ಭಾನುವಾರ ಬೆಳಿಗ್ಗೆ ಬಯಲಿನಲ್ಲಿ ಕಾರಿನ ಡಿಕ್ಕಿ ತೆಗೆದು ಮಾರುತ್ತಾರೆ. ಅಲ್ಲಿ ಎಲೆ ತಟ್ಟೆ, ಅದರಲ್ಲೂ ಬಿಗೋನಿಯಾ ಎಲೆಯ ಆಕಾರದ್ದು, ಈಗಲೂ ಸಿಗುತ್ತದೆ. ಮಗುಚಿದರೆ ಹೆಸರು ಇರದಿರುವುದೇ ಜಾಸ್ತಿ. ಅದಕ್ಕೆ ಬೇಸರ ಬೇಡ. ಅಚ್ಚಿನ ಗೆರೆ ಚೂಪಾಗಿದೆಯಾ? ತಗ್ಗಿನಲ್ಲಿ ಬಣ್ಣ ಆಳವಾಗಿ ನಿಂತಿದೆಯಾ? ಬಣ್ಣಕ್ಕೆ ಬಣ್ಣ ಕೂಡುವಲ್ಲಿ ಅಂಚು ಮೆತ್ತಗೆ ಒಂದಾಗಿದೆಯಾ? ಹೌದಾದರೆ ಹೆಸರಿಲ್ಲದಿದ್ದರೂ ಕೊಳ್ಳಿ.

ಹೆಸರಿದ್ದರೆ ಅದನ್ನು ಓದುವುದಕ್ಕೂ ಒಂದು ಬಗೆ ಇದೆ. ಮಿಂಟನ್ನರು ತಳದಲ್ಲಿ ಹೆಸರನ್ನು ಒತ್ತುತ್ತಿದ್ದರು. ಸುಮಾರು 1873ರವರೆಗೆ 'ಮಿಂಟನ್', ಆಮೇಲೆ ಕೊನೆಗೊಂದು ಅಕ್ಷರ ಸೇರಿ 'ಮಿಂಟನ್ಸ್'. ಪಕ್ಕದಲ್ಲಿ ವರ್ಷಕ್ಕೊಂದರಂತೆ ಬದಲಾಗುವ ಸಣ್ಣ ಚಿಹ್ನೆ. ವೆಡ್ಜ್‌ವುಡ್‌ನವರು 1860ರಿಂದ ಮೂರು ಅಕ್ಷರ ಒತ್ತಿದರು. ಮೂರನೆಯದು ವರ್ಷದ್ದು. ಆದರೆ ವರ್ಣಮಾಲೆ ಮುಗಿದ ಮೇಲೆ ಅದೇ ಅಕ್ಷರ ಮತ್ತೆ ಬರುತ್ತದೆ. ಹಾಗಾಗಿ ಅಕ್ಷರ ನೋಡಿ ಸುಮ್ನೆ ವರ್ಷ ಹೇಳಿಬಿಡಬೇಡಿ. ಜಾರ್ಜ್ ಜೋನ್ಸ್‌ನದು ಹೆಸರಿಲ್ಲದಿದ್ದರೂ ತಳದಿಂದಲೇ ತಿಳಿಯುತ್ತದೆ. ಹಸಿರು ಕಂದು ಬೆರೆತ ಆಮೆಚಿಪ್ಪಿನ ಬಣ್ಣ, ನಡುವೆ ಬೆಳ್ಳಗೆ ಒಂದು ಜಾಗ ಬಿಟ್ಟು ಅಲ್ಲಿ ಕಪ್ಪಿನಲ್ಲಿ ಬರೆದ ನಂಬರು. ವಜ್ರದ ಆಕಾರದ ಒಂದು ಮುದ್ರೆಯೂ ಕೆಲವದರಲ್ಲಿ ಇರುತ್ತದೆ. 1842ರಿಂದ 1883ರವರೆಗಿನದು. ಅದು ಆ ವಿನ್ಯಾಸವನ್ನು ಸರ್ಕಾರದಲ್ಲಿ ನೋಂದಾಯಿಸಿದ ದಿನ. ನಿಮ್ಮ ಕೈಯಲ್ಲಿರುವ ತಟ್ಟೆ ಹುಟ್ಟಿದ ದಿನ ಅಲ್ಲ. ತಳದಲ್ಲಿ 'ಇಂಗ್ಲೆಂಡ್' ಅಂತ ಇದ್ದರೆ ಸಾಮಾನ್ಯವಾಗಿ ಅದು 1891ರ ನಂತರದ್ದು. ಅಮೆರಿಕಕ್ಕೆ ಹೋಗುವ ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಲ್ಲಿ ಕಾನೂನಾಯಿತು, ಅದಕ್ಕೆ.

ಇನ್ನು ಈ ಜಗ್ಗು. ಹೆಸರು ನೋಡಿ ತಪ್ಪಿದೆ ಅಂದೆನಲ್ಲ, ಇದೇ ಅದು. ಒಂದು ಮೇಳದಲ್ಲಿ ಒಬ್ಬ ವ್ಯಾಪಾರಿ ದೊಡ್ಡ ಕಾರ್ಖಾನೆಯ ಮುದ್ರೆ ತೋರಿಸಿ, ಒಂದು ಚೂರೂ ಎದ್ದಿಲ್ಲ ಅಂತ ಹೇಳಿ ಕೊಟ್ಟ. ನಾನು ಮುದ್ರೆ ನೋಡಿದೆ, ಕೇಳಿದಷ್ಟು ಕೊಟ್ಟೆ. ಮನೆಗೆ ಬಂದು ರಾತ್ರಿ ದೀಪ ಆರಿಸಿ ನೇರಳಾತೀತ ಟಾರ್ಚು ಬಿಟ್ಟರೆ ಜಗ್ಗಿನ ಬಾಯಿ ಪೂರಾ ಬೇರೆ ಬಣ್ಣದಲ್ಲಿ ಮಂಕಾಗಿ ಬೆಳಗಿತು. ಬಾಯಿ ಮುರಿದಿತ್ತು. ಯಾರೋ ರಾಳದಲ್ಲಿ ಹೊಸದಾಗಿ ಕಟ್ಟಿ ಬಣ್ಣ ಬಳಿದಿದ್ದರು. ಮುದ್ರೆ ಮಾತ್ರ ನಿಜದ್ದೇ. ಆಮೇಲೆ ಹಗಲಲ್ಲಿ ನೋಡಿದರೆ ಟಾರ್ಚೇ ಬೇಕಿರಲಿಲ್ಲ. ಬಾಯಿಯ ಹಸಿರು ಎಲ್ಲ ಕಡೆ ಒಂದೇ ಸಮ. ತಗ್ಗಿಗೂ ಅದೇ, ಉಬ್ಬಿಗೂ ಅದೇ. ಗ್ಲೇಜು ಹಾಗೆ ಇರುವುದಿಲ್ಲ. ಕೊಳ್ಳುವಾಗಲೇ ಬಣ್ಣ ನೋಡಿದ್ದರೆ ಅಲ್ಲೇ ತಿಳಿಯುತ್ತಿತ್ತು. ಉಗುರಿನಿಂದ ಮೆಲ್ಲಗೆ ತಟ್ಟಿದರೂ ಗೊತ್ತಾಗುತ್ತದೆ. ಗ್ಲೇಜಿನ ಮೇಲೆ ಟಣ್ ಅನ್ನುತ್ತದೆ, ರಾಳದ ಮೇಲೆ ಮೊದ್ದು ಸದ್ದು. ಮುಂದೆ ಬಂದು ತಟ್ಟಿ ಕೇಳಿ.

ಹೊಸದಾಗಿ ಮಾಡಿ ಹಳೆಯದು ಅಂತ ಮಾರುವುದೂ ಉಂಟು. ಹಳೆ ಜಗ್ಗಿನ ಹಿಡಿಯನ್ನು ಬೇರೆಯಾಗಿ ಮಾಡಿ ಅಂಟಿಸುತ್ತಿದ್ದರು. ಈಗಿನವು ಎಷ್ಟೋ ಸಲ ಹಿಡಿ ಸಮೇತ ಒಂದೇ ಅಚ್ಚಿನಲ್ಲಿ ಮಣ್ಣಿನ ನೀರು ಹೊಯ್ದು ಮಾಡಿದ್ದು. ಜಗ್ಗಿನ ಒಳಗೆ ಬೆರಳು ಹಾಕಿ, ಹಿಡಿ ಕೂಡುವ ಜಾಗದಲ್ಲಿ ತೂತು ಅಥವಾ ಕುಳಿ ಸಿಕ್ಕರೆ ಅನುಮಾನ ಪಡಿ. ಗ್ಲೇಜಿನ ಮೇಲೆ ಕೂದಲಿನಷ್ಟು ಸಣ್ಣ ಬಿರುಕಿನ ಬಲೆ ಇದ್ದರೆ ಹೆದರಬೇಡಿ, ಅದು ವಯಸ್ಸಿಗೆ ಸಹಜ. ಆದರೆ ಹೊಸದರಲ್ಲೂ ಬೇಕೆಂದೇ ಅದನ್ನು ತರಿಸಬಲ್ಲರು. ಹಾಗಾಗಿ ಅದೊಂದನ್ನೇ ನಂಬಬೇಡಿ. ಹೊಸಬರಿಗೆ ನಾನು ಹೇಳುವುದು, ಮೊದಲು ಚೂರು ಎದ್ದ ತಟ್ಟೆ ಒಂದು ಕೊಳ್ಳಿ. ಬೆಲೆ ಕಡಿಮೆ. ಒಳಗಿನ ಮಣ್ಣು, ಗ್ಲೇಜಿನ ದಪ್ಪ ಎಲ್ಲ ಆ ಚೂರೆದ್ದ ಜಾಗದಲ್ಲಿ ಕಾಣುತ್ತದೆ. ಅದನ್ನು ಒಂದು ವರ್ಷ ದಿನಾ ನೋಡಿ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮು, ಹ್ಯಾನ್ಲಿಯ ಪಾಟರೀಸ್ ಮ್ಯೂಸಿಯಮ್ಮು ಇವಕ್ಕೂ ಹೋಗಿ, ಒಳ್ಳೆಯದು ಹೇಗಿರುತ್ತದೆ ಅಂತ ಕಣ್ಣಿಗೆ ರೂಢಿ ಮಾಡಿ. ಲಾಂಗ್ಟನ್ನಿನ ಗ್ಲ್ಯಾಡ್‌ಸ್ಟೋನ್ ಮ್ಯೂಸಿಯಮ್ಮಿನಲ್ಲಿ ಬಾಟಲಿ ಆವಿಗೆಯ ಒಳಗೇ ಹೋಗಿ ನಿಲ್ಲಬಹುದು. ತಲೆ ಎತ್ತಿದರೆ ಮೇಲೆ ಆಕಾಶದ ಒಂದು ಬಿಲ್ಲೆ ಮಾತ್ರ ಕಾಣುತ್ತದೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ತಟ್ಟೆ ಹಿಡಿದುಕೊಂಡೇ ಎದ್ದು ನಿಂತರು. "ಡಾಕ್ಟರಮ್ಮ, ಇದರಲ್ಲಿ ಉಪ್ಪಿನಕಾಯಿ ಬಡಿಸಬಹುದಾ?" ಅಂತ ಕೇಳಿದರು.

ಬೇಡ, ಅಂದೆ. ಹುಳಿ ಮತ್ತು ಸೀಸ ಕೂಡಬಾರದು. ನಿಂಬೆಹಣ್ಣು, ಹುಣಸೆ, ಮೊಸರು ಯಾವುದೂ ಬೇಡ. ಹಳೆ ಗ್ಲೇಜಿನಿಂದ ಹುಳಿ ಸೀಸವನ್ನು ಎಳೆದುಕೊಳ್ಳುತ್ತದೆ, ಬಿರುಕಿದ್ದರೆ ಇನ್ನೂ ಜಾಸ್ತಿ. ನಮ್ಮ ಮನೆಗಳ ಉಪ್ಪಿನಕಾಯಿ ಜಾಡಿಯ ಮಣ್ಣು ಬೇರೆ, ಬೆಂದ ಶಾಖವೂ ಬೇರೆ. ಅದನ್ನೂ ಇದನ್ನೂ ಒಂದೇ ಅಂದುಕೊಳ್ಳಬೇಡಿ. ಇದನ್ನು ಗೋಡೆಗೆ ಹಾಕಿ, ಇಲ್ಲವೇ ಕಪಾಟಿನಲ್ಲಿಡಿ. ಧೂಳಾದರೆ ಉಗುರು ಬೆಚ್ಚಗಿನ ನೀರಿನಲ್ಲಿ ಮೆತ್ತನೆ ಬಟ್ಟೆ ಅದ್ದಿ ಒರೆಸಿ. ಬಹಳ ಹೊತ್ತು ನೆನೆಸಬೇಡಿ, ಬಿರುಕಿನೊಳಗೆ ನೀರು ಹೋಗಿ ಕಲೆ ಕಟ್ಟುತ್ತದೆ.

ಅವರು ತಲೆಯಾಡಿಸಿ, ತಟ್ಟೆಯನ್ನು ಮಗುಚಿ, ತಳವನ್ನೊಮ್ಮೆ ನೋಡಿದರು. ಮತ್ತೆ ಮೇಲೆ ಮಾಡಿ ಕಿಟಕಿ ಕಡೆ ಓರೆಯಾಗಿ ಹಿಡಿದರು. "ಕಂದು ಜಾರಿದೆ ಅಂದ್ರಲ್ಲ, ಅದು ಎಲ್ಲಿ?" ಅಂತ ಕೇಳಿದರು. ಹತ್ತಿರ ಹೋಗಿ ತೋರಿಸಿದೆ.